ಹಳದಿ ಹಲಗೆ

ಬಿಳಿ ಪುಡಿಯ ಮೇಲೆ ಬಿಸಿಲು ಬಿದ್ದರೆ ನೀರು ಒಡೆಯುತ್ತದೆ ಎಂದು ಅನಸೂಯಾ ಹೇಳಿದಾಗ ಅವಳ ಅಕ್ಕ ಕದಿರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದ್ದಳು.

"ಒಡಿಯಾಕೆ ಅದೇನು ಹಾಲೇನೇ?"

"ಹೂಂ ಕಣಕ್ಕ, ಒಡೆದು ಎರಡು ಗಾಳಿ ಆಗ್ತೈತೆ. ಒಂದು ನಾವು ಉಸಿರಾಡೋದು, ಇನ್ನೊಂದು ಒಲೆ ಉರಿಸೋದು."

"ನಿನ್ನ ಓದಿಗಿಷ್ಟು ಬೆಂಕಿ ಹಾಕ. ನೀರಲ್ಲಿ ಒಲೆ ಉರಿಸ್ತಾಳಂತೆ."

ಉರಿಯಿತು. ಸೂಜಿಕಲ್ಲು ಎಂಬ ಆ ಊರಿನ ನೂರಾ ನಲವತ್ತು ಮಾಳಿಗೆಗಳ ಮೇಲೆ ಕಂಪನಿಯವರು ಹಲಗೆ ಹಾಸಿ, ಮನೆಮನೆಗೂ ಪೈಪು ಎಳೆದು, ಒಲೆ ಕೊಟ್ಟು ಹೋದ ಮೇಲೆ ಕದಿರಮ್ಮನೂ ಅದೇ ಒಲೆಯ ಮೇಲೆ ರೊಟ್ಟಿ ಸುಡತೊಡಗಿದಳು. ಹೆಚ್ಚಾದ ಅನಿಲ ಊರಾಚೆಯ ದೊಡ್ಡ ಟ್ಯಾಂಕಿಗೆ, ಅಲ್ಲಿಂದ ಕಾರ್ಖಾನೆಗಳಿಗೆ.

ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಹಲಗೆಯೊಳಗೆ ಒಂದು ತಗಡು, ತಗಡಿಗೆ ಬಳಿದ ಪುಡಿ, ಪುಡಿಯ ಮೇಲೆ ಬೆರಳು ದಪ್ಪದ ನೀರು, ನೀರಿನ ಮೇಲೆ ಗಾಜು, ಇಷ್ಟೇ. ಪುಡಿ ಎಂದರೆ ಟೈಟಾನಿಯಂ ಸೇರಿದ ಒಂದು ಅರೆವಾಹಕ. ಬಿಸಿಲು ತಾಗಿದಾಗ ಅದರೊಳಗಿನ ಎಲೆಕ್ಟ್ರಾನು ಕೂತ ಜಾಗ ಬಿಟ್ಟು ಏಳುತ್ತದೆ. ಎದ್ದದ್ದು ಸುಮ್ಮನಿರದೆ ಪಕ್ಕದಲ್ಲಿರುವ ನೀರಿನ ಕಣವನ್ನು ಹರಿದು ಹಾಕುತ್ತದೆ. ಆದರೆ ಅಪ್ಪಟ ಬಿಳಿ ಪುಡಿ ಮಹಾ ಸೋಮಾರಿ. ಅತಿನೇರಳೆ ಕಿರಣ ಬಿಟ್ಟು ಬೇರೆ ಯಾವುದಕ್ಕೂ ಅದು ಮಿಸುಕುವುದಿಲ್ಲ, ಆ ಕಿರಣವೋ ಬಿಸಿಲಿನಲ್ಲಿ ನೂರಕ್ಕೆ ನಾಲ್ಕೈದು ಪಾಲು. ಅದಕ್ಕೇ ಹಾಲಿಗೆ ಹೆಪ್ಪು ಹಾಕಿದ ಹಾಗೆ ಪುಡಿಗೆ ಚೂರೇ ಚೂರು ಸಾರಜನಕದ ಹೆಪ್ಪು ಹಾಕುತ್ತಾರೆ. ಆಗ ಅದು ಎಳೆಹಳದಿಗೆ ತಿರುಗಿ, ಕಣ್ಣಿಗೆ ಕಾಣುವ ಬೆಳಕನ್ನೂ ಹಿಡಿಯತೊಡಗುತ್ತದೆ.

ಹೆಪ್ಪು ನಿಲ್ಲದೆ ಹೋದದ್ದೇ ಕಂಪನಿಯ ತಲೆನೋವು. ಸಾರಜನಕ ಪುಡಿಯೊಳಗೆ ಕೂರಲೊಲ್ಲದೆ ನಾಲ್ಕು ತಿಂಗಳಲ್ಲಿ ಕಳಚಿಕೊಂಡಿತು. ಸುತ್ತಮುತ್ತಲ ಹನ್ನೊಂದು ಊರಿನ ಹಲಗೆಗಳು ಬಣ್ಣ ಕಳೆದುಕೊಂಡು ಬಿಳಿಚಿದವು. ಹನ್ನೆರಡನೆಯ ಊರು ಸೂಜಿಕಲ್ಲು. ಇಲ್ಲಿಯ ಹಲಗೆಗಳು ದಿನದಿಂದ ದಿನಕ್ಕೆ ಹಳದಿ ಕಟ್ಟುತ್ತಾ ಹೋದವು, ಅನಿಲ ಏರುತ್ತಲೇ ಹೋಯಿತು.

ಡಿಪ್ಲೊಮಾ ಓದಿದ್ದ ಅನಸೂಯಾ ಊರಾಚೆಯ ಕಂಟ್ರೋಲ್ ರೂಮಿನಲ್ಲಿ ಟೆಕ್ನಿಷಿಯನ್. ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ವಿಜ್ಞಾನಿ ಡಾಕ್ಟರ್ ಶ್ರೀವತ್ಸ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಪರದೆ ನೋಡುತ್ತಾ ಕೂರುತ್ತಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ.

"ಅನಸೂಯಾ, ಒಂದೇ ಪುಡಿ, ಒಂದೇ ಬಿಸಿಲು. ನಿಮ್ಮೂರಿನ ಹಲಗೆಗೆ ಮಾತ್ರ ಏನಾಗಿದೆ ಹೇಳಿ. ಈ ತಿಂಗಳು ಉತ್ತರ ಸಿಗದಿದ್ದರೆ ಎಲ್ಲಾ ಮುಚ್ಚಿಕೊಂಡು ಹೋಗು ಅಂತಾರೆ ನಮ್ಮವರು."

ಮುಚ್ಚಿದರೆ ಅವಳ ಕೆಲಸವೂ ಹೋಗುತ್ತಿತ್ತು. ಅನಸೂಯಾ ಅದಕ್ಕಾಗಿ ತಲೆ ಕೆಡಿಸಿಕೊಂಡದ್ದು ನಿಜ. ಆದರೆ ಅವಳ ಎದೆಯೊಳಗೆ ಕೂತಿದ್ದ ಆಸೆ ಬೇರೆಯೇ ಇತ್ತು.

ಅವಳಿಗೊಂದು ಹೆಣ್ಣುಕೂಸು, ಮೋಕ್ಷಿತಾ. ಆಗಿನ್ನೂ ಹದಿನಾಲ್ಕು ತಿಂಗಳು. ಮೋಕ್ಷಿ ದೊಡ್ಡವಳಾಗಿ ಬಾಯಿ ತುಂಬ ನಗಬೇಕು, ಅಷ್ಟೇ ಅವಳ ಆಸೆ. ಕೇಳಿದವರಿಗೆ ಇದೂ ಒಂದು ಆಸೆಯೇ ಅನ್ನಿಸಬಹುದು. ಸೂಜಿಕಲ್ಲಿನಲ್ಲಿ ಹುಟ್ಟಿದವರಿಗೆ ಅನ್ನಿಸುವುದಿಲ್ಲ. ಆ ಊರಿನ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ ಐದು ಮಿಲಿಗ್ರಾಂ ಫ್ಲೋರೈಡ್. ಒಂದೂವರೆ ದಾಟಿದರೇ ಕೆಡುಕು. ಊರಿನವರ ಹಲ್ಲಿನ ಮೇಲೆಲ್ಲ ಹಳದಿ, ಕಂದು ಪಟ್ಟೆಗಳು. ಕೆಲವರಿಗೆ ನಲವತ್ತಕ್ಕೇ ಬೆನ್ನು ಬಗ್ಗುತ್ತದೆ. ಕದಿರಮ್ಮನ ದೊಡ್ಡ ಮಗ ಗಿರಿಗೆ ಎಂಟನೆಯ ವಯಸ್ಸಿಗೇ ಮಂಡಿಗಳು ಒಳಕ್ಕೆ ತಿರುಗಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಹೊರಗಿನವರು ಈ ಊರಿನಿಂದ ಹೆಣ್ಣು ತರುವುದಿಲ್ಲ. ಅನಸೂಯಾಳನ್ನು ನೋಡಲು ಬಂದ ಮೂರು ಗಂಡುಗಳ ಕಡೆಯವರು, ಅವಳು ಬಾಯಿ ಬಿಟ್ಟ ಕೂಡಲೇ ಕಾಫಿ ಲೋಟ ಕೆಳಗಿಟ್ಟಿದ್ದರು. ಕೊನೆಗೆ ಅಕ್ಕನನ್ನು ಕೊಟ್ಟ ಮನೆಗೇ, ಅಕ್ಕನ ಮೈದುನನಿಗೇ ಅವಳನ್ನೂ ಕೊಟ್ಟರು. ಅಣ್ಣತಮ್ಮಂದಿರಿಬ್ಬರೂ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಕ್ಕ ತಂಗಿ ಒಂದೇ ಸೂರಿನಡಿ ಎರಡು ಒಲೆ ಹೂಡಿ ಸಂಸಾರ ಮಾಡುತ್ತಿದ್ದರು. ನಗು ಬಂದರೆ ಅನಸೂಯಾಳ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಮದುವೆ ಫೋಟೊಗಳಲ್ಲೂ ಬಾಯಿ ಮುಚ್ಚಿಯೇ ಇದೆ.

ಅಂಗನವಾಡಿಗೆ ಬಂದಿದ್ದ ಹಲ್ಲಿನ ಡಾಕ್ಟರು ಒಂದು ಮಾತು ಹೇಳಿ ಹೋಗಿದ್ದರು. "ಆರೇಳು ವರ್ಷಕ್ಕೆ ಹೊರಗೆ ಬರೋ ಹಲ್ಲು ಆಗ ಹುಟ್ಟೋದಲ್ಲಮ್ಮ. ಐದು ವರ್ಷದೊಳಗೆ ದವಡೆ ಒಳಗೇ ತಯಾರಾಗಿ ಕೂತಿರುತ್ತೆ. ಏನು ಮಾಡೋದಿದ್ರೂ ಈಗಲೇ." ಆ ಹೊತ್ತಿಗೆ ಹೊಳೆ ನೀರಿನ ಪೈಪು ಮೂರು ಮೈಲಿ ಆಚೆಯ ದಿಬ್ಬದವರೆಗೆ ಬಂದಿತ್ತು. ಆರು ತಿಂಗಳಲ್ಲಿ ಸೂಜಿಕಲ್ಲಿಗೂ ನೀರು ಎಂದಿದ್ದರು. ಅನಸೂಯಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನ ಅವಳು ಒಂದು ಮಾಳಿಗೆ ಹತ್ತಿ ಹಲಗೆಯ ಗಾಜು ಒರೆಸುತ್ತಿದ್ದಳು. ಹದ್ದಿನ ಹಿಕ್ಕೆ ಒಣಗಿ ಅಂಟಿಕೊಂಡಿತ್ತು. ಹಲ್ಲು ಕಚ್ಚಿ ಉಜ್ಜಿದಳು. ಗಾಜಿನಲ್ಲಿ ಅವಳ ಮುಖ ಕಂಡಿತು, ಕಿಸಿದ ಹಲ್ಲು ಕಂಡಿತು. ಹಲ್ಲಿನ ಮೇಲಿನ ಅಡ್ಡಪಟ್ಟೆ, ಗಾಜಿನ ಕೆಳಗಿನ ತಗಡಿನ ಅಡ್ಡಪಟ್ಟೆ, ಎರಡರದ್ದೂ ಒಂದೇ ಹಳದಿ. ಒಂದು ಗಳಿಗೆ ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ.

ಅವಳು ಓಡಿದಳು. ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಮುಚ್ಚಿಟ್ಟುಕೊಂಡ ಹಲ್ಲು ಒಂದು ಸಲವಾದರೂ ಉಪಯೋಗಕ್ಕೆ ಬಂತಲ್ಲ ಎಂಬ ಹಿಗ್ಗು ಅವಳನ್ನು ಓಡಿಸಿತು. ಕಂಟ್ರೋಲ್ ರೂಮಿನಲ್ಲಿ ಡಾಕ್ಟರ್ ಶ್ರೀವತ್ಸರ ಮುಂದೆ ನಿಂತು, ಕೈ ಅಡ್ಡ ಇಡುವುದನ್ನೂ ಮರೆತು, ಬಾಯಿ ಅಗಲಿಸಿದಳು.

"ಸರ್, ನಮ್ಮ ನೀರು ಸರ್. ನೋಡಿ."

ಅವರು ಮೊದಲು ಹಿಂದೆ ಸರಿದರು. ಆಮೇಲೆ ಬಗ್ಗಿ ನೋಡಿದರು.

ಪ್ರಯೋಗಾಲಯ ಹತ್ತು ದಿನದಲ್ಲಿ ಹೌದೆಂದಿತು. ಪುಡಿಯೊಳಗೆ ಒಂಟಿಯಾಗಿ ಕೂರಲಾರದ ಸಾರಜನಕಕ್ಕೆ ಫ್ಲೋರೈಡು ಜೊತೆಯಾದರೆ ಕೊರತೆ ತುಂಬಿ ಎರಡೂ ಗಟ್ಟಿಯಾಗಿ ಕೂರುತ್ತವೆ. ಬಿಸಿಲಿಗೆ ಕಾದ ತಗಡು, ಹಲಗೆಗೆ ತುಂಬುತ್ತಿದ್ದ ಊರಿನ ಬೋರ್‌ವೆಲ್ ನೀರಿನಿಂದ ದಿನಾ ಇಷ್ಟಿಷ್ಟೇ ಫ್ಲೋರೈಡನ್ನು ಹೀರಿಕೊಳ್ಳುತ್ತಿತ್ತು. ಒಳ್ಳೆಯ ನೀರಿಗೆ ಫ್ಲೋರೈಡ್ ಬೆರೆಸಿಯೂ ನೋಡಿದರು, ಎಂಟು ದಿನಕ್ಕೆ ಪುಡಿ ಹಪ್ಪಳದಂತೆ ಎದ್ದು ಬಂತು. ಬಂಡೆಯೊಳಗೆ ನೂರಾರು ವರ್ಷ ನೆನೆದ ಈ ನೀರಿನಲ್ಲಿ ಇನ್ನೂ ಏನೇನೋ ಹದವಾಗಿ ಸೇರಿತ್ತು. ಈ ನೀರೇ ಬೇಕು.

"ಬೋರಿನ ನೀರು ಹಲಗೆಗೆ ಇಟ್ಕೊಳ್ಳಿ ಸರ್. ನಾವು ಹೊಳೆ ನೀರು ಕುಡೀತೀವಿ," ಎಂದಳು ಅನಸೂಯಾ.

"ಅದೇ ಆಗೋದಿಲ್ಲ," ಎಂದರು ಶ್ರೀವತ್ಸ. "ಹೊಳೆ ನೀರು ಬಂದ ಊರಲ್ಲಿ ಫ್ಲೋರೈಡ್ ಬೋರುಗಳನ್ನು ಕಾಂಕ್ರೀಟ್ ಹಾಕಿ ಮುಚ್ಚಬೇಕು ಅಂತ ನಿಯಮ. ಪೈಪು ಬಂದ ದಿನ ಹಲಗೆ ಸತ್ತ ಹಾಗೆ. ಊರಿನವರೇ ಪೈಪು ಬೇಡ ಅಂತ ಸಭೆಯಲ್ಲಿ ಬರೆದುಕೊಟ್ಟರೆ ಮಾತ್ರ ಉಳಿಯುತ್ತೆ. ನೀವು ಈ ಊರಿನವರು. ನೀವು ಹೇಳಿದರೆ ಕೇಳ್ತಾರೆ."

"ನನ್ನ ಮಗಳಿಗಿನ್ನೂ ಒಂದೇ ವರ್ಷ ವಯಸ್ಸು ಸರ್."

ಅವರು ಪೆನ್ನು ಕೆಳಗಿಟ್ಟರು. "ಸಿಬ್ಬಂದಿಯ ಮಕ್ಕಳಿಗೆ ಕಂಪನಿಯಿಂದಲೇ ಶುದ್ಧ ನೀರು ಕೊಡಿಸ್ತೀನಿ. ದಿನಕ್ಕೆ ಐದು ಲೀಟರ್ ಕ್ಯಾನು, ಮನೆ ಬಾಗಿಲಿಗೆ. ನಿಮ್ಮ ಮಗುವಿನ ಹಲ್ಲಿಗೆ ನಾನು ಜವಾಬ್ದಾರಿ."

"ನಮ್ಮಕ್ಕನಿಗೂ ಅಷ್ಟೇ ವಯಸ್ಸಿನ ಗಂಡುಕೂಸೈತೆ ಸರ್. ಧನು ಅಂತ."

"ಸಿಬ್ಬಂದಿಯ ಮಕ್ಕಳಿಗೆ ಅಂದೆನಲ್ಲ."

ಅವಳು ಎರಡನೆಯ ಸಲ ಕೇಳಲಿಲ್ಲ.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಪೈಪು ಒಪ್ಪಿದರೆ ಒಲೆಯ ಅನಿಲ ನಿಲ್ಲುತ್ತದೆ, ಮತ್ತೆ ಜಾಲಿಮುಳ್ಳು ಕಡಿದು ಹೊರಬೇಕು ಎಂದು ಕಂಪನಿಯವರು ಹೇಳಿದರು. ಬಳಿಕ ಅನಸೂಯಾ ಎದ್ದಳು. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡೇ ಮಾತಾಡಿದಳು. ಈ ನೀರಿನಿಂದ ನಮ್ಮೂರು ದೇಶಕ್ಕೇ ಬೇಕಾಗೈತೆ ಎಂದಳು. ಯಾರೋ ಹೆಂಗಸು, ಹಲ್ಲಿನ ಗತಿ ಏನು ಎಂದಳು.

"ಬಣ್ಣ ಅಷ್ಟೇ ತಾನೆ," ಎಂದಳು ಅನಸೂಯಾ. "ನಮ್ಮಪ್ಪ ನಮ್ಮಜ್ಜ ಎಲ್ರೂ ಇದೇ ನೀರು ಕುಡಿದು ಬಾಳಲಿಲ್ವಾ. ಬಣ್ಣಕ್ಕೆ ಯಾರೂ ಸತ್ತಿಲ್ಲ."

ಅವಳಿಗೆ ಗೊತ್ತಿತ್ತು, ಅದು ಹಸಿ ಸುಳ್ಳು. ಎದುರಿಗೇ, ನಾಲ್ಕನೆಯ ಸಾಲಿನಲ್ಲಿ, ಕದಿರಮ್ಮ ಗಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹುಡುಗನ ಸೊಟ್ಟ ಕಾಲುಗಳು ಮುಂದೆ ಚಾಚಿಕೊಂಡಿದ್ದವು. ಅನಸೂಯಾ ಅತ್ತ ನೋಡದೆ ಕೂತಳು. ಪೈಪು ಬೇಡ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಎದ್ದವು. ಕದಿರಮ್ಮನದೂ ಎದ್ದಿತು. ತಂಗಿ ಓದಿದವಳು, ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂದುಕೊಂಡಿದ್ದಳು ಪಾಪ.

ಮೂರನೆಯ ದಿನ ಬಾಗಿಲಿಗೆ ನೀಲಿ ಕ್ಯಾನು ಬಂತು.

"ಇದೇನೇ ಇದು?" ಎಂದಳು ಕದಿರಮ್ಮ.

"ಕಂಪನಿ ನೀರಕ್ಕ. ಮೋಕ್ಷಿಗೆ. ನಾನು ಡ್ಯೂಟಿಗೆ ಹೋದಾಗ ಇದನ್ನೇ ಕುಡಿಸು, ಅವಳ ಗಂಜಿಗೂ ಇದನ್ನೇ ಹಾಕು."

ಕದಿರಮ್ಮ ಕ್ಯಾನನ್ನೂ ನೋಡಿದಳು, ಚಾಪೆಯ ಮೇಲೆ ಮೋಕ್ಷಿಯ ಜೊತೆ ಉರುಳಾಡುತ್ತಿದ್ದ ತನ್ನ ಧನುವನ್ನೂ ನೋಡಿದಳು. "ಬಣ್ಣ ಅಷ್ಟೇ ಅಂದಿದ್ದೆ," ಎಂದಳು ಮೆಲ್ಲಗೆ. "ಐದು ಲೀಟ್ರು ಐತೆ. ಎರಡು ಕೂಸಿಗೂ ಆಗ್ತೈತಲ್ಲೇ, ಎಷ್ಟು ಕುಡಿದಾವು."

ಆಗುತ್ತಿತ್ತು. ಹಂಚಿ ಕುಡಿಸಿ, ಸಾಲದ್ದಕ್ಕೆ ಬೋರಿನದು ಸೇರಿಸಿದ್ದರೂ ಇಬ್ಬರಿಗೂ ಬಹುಪಾಲು ಒಳ್ಳೆಯದೇ ಆಗುತ್ತಿತ್ತು. ಆದರೆ ತಾಯಿಯ ಭಯ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಗುಟುಕು ಬೋರಿನ ನೀರು ಹೋದರೂ ಮೋಕ್ಷಿಯ ಹಲ್ಲಿಗೊಂದು ಗೀರು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

"ಡಾಕ್ಟ್ರು ಹೇಳವ್ರೆ ಕಣಕ್ಕ," ಎಂದಳು. "ಅರ್ಧಂಬರ್ಧ ಕುಡಿಸಿದ್ರೆ ಏನೂ ಕುಡಿಸ್ದಂಗೇ ಅಂತೆ. ಇಬ್ರಿಗೆ ಹಂಚಿದ್ರೆ ಇಬ್ರಿಗೂ ದಕ್ಕಲ್ಲ. ಒಬ್ರಿಗೇ ಪೂರ್ತಿ ಕೊಡಬೇಕಂತೆ."

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಿಂತ ನಿಲುವಿನಲ್ಲೇ ಅವಳು ಕಟ್ಟಿದ ಮಾತು ಅದು. ಕದಿರಮ್ಮ "ಒಬ್ರಿಗೇ ಪೂರ್ತಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಕ್ಯಾನನ್ನು ತಾನೇ ಎತ್ತಿ ಒಳಗಿಟ್ಟಳು.

ವರ್ಷಗಳು ಸರಿದವು. ಸೂಜಿಕಲ್ಲಿನ ಹಲಗೆಗಳು ಅರಿಶಿನದ ಬಣ್ಣಕ್ಕೆ ಬಂದವು. ಪರದೇಶದವರು ಬಂದು ಮಾಳಿಗೆ ಹತ್ತಿ ಫೋಟೊ ತೆಗೆದುಕೊಂಡು ಹೋದರು. ಡಾಕ್ಟರ್ ಶ್ರೀವತ್ಸ ಮೇಲಕ್ಕೇರಿದರು, ಅನಸೂಯಾ ಶಿಫ್ಟ್ ಇನ್‌ಚಾರ್ಜ್ ಆದಳು. ಬೋರಿನ ನೀರಿನ ಫ್ಲೋರೈಡ್ ಅಳೆದು ಪರದೆಗೆ ತುಂಬುವುದು ಅವಳ ದಿನದ ಮೊದಲ ಕೆಲಸ. ಐದಕ್ಕಿಂತ ಕಡಿಮೆಯಾದರೆ ಬೆಂಗಳೂರಿನಿಂದ ಫೋನು ಬರುತ್ತಿತ್ತು. ಗಿರಿಗೆ ಹದಿಮೂರು ತುಂಬಿ ಊರುಗೋಲು ಬಂತು.

ನೀಲಿ ಕ್ಯಾನು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆ ನೀರನ್ನು ಅನಸೂಯಾ ಒಂದು ಗುಟುಕೂ ಕುಡಿದವಳಲ್ಲ. ತಾನು ಕುಡಿದರೆ ಮಗಳಿಗೆ ಅಷ್ಟು ಕಡಿಮೆಯಾಯಿತಲ್ಲ ಎಂದು ಜ್ವರದಲ್ಲಿ ನಾಲಿಗೆ ಒಣಗಿದಾಗಲೂ ಬೋರಿನ ನೀರನ್ನೇ ಕುಡಿದಳು. ಊರಿನ ನೀರನ್ನೆಲ್ಲ ಅಳೆಯುತ್ತಿದ್ದವಳಿಗೆ ಕ್ಯಾನಿನ ನೀರನ್ನು ಅಳೆಯಬೇಕು ಅನ್ನಿಸಲೇ ಇಲ್ಲ. ಕಂಪನಿಯದು, ಅನುಮಾನ ಯಾತಕ್ಕೆ.

ಆರು ತುಂಬಿದ ಮೇಲೆ ಮಕ್ಕಳಿಬ್ಬರಿಗೂ ಹಾಲುಹಲ್ಲು ಬೀಳತೊಡಗಿದವು. ಹಲಗೆಯ ಮೇಲೆ ಏನೂ ಎಸೆಯಬಾರದೆಂದು ಕಂಪನಿಯ ಬೋರ್ಡು ಇದ್ದರೂ, ಕದಿರಮ್ಮ ಎರಡು ಹಲ್ಲನ್ನೂ ಒಂದೇ ಸಗಣಿ ಉಂಡೆಯಲ್ಲಿಟ್ಟು ಧನುವಿನ ಕೈಯಿಂದ ಮಾಳಿಗೆಗೆ ಎಸೆಸಿದಳು. ಉಂಡೆ ಗಾಜಿನ ಮೇಲೆ ಟಪ್ಪೆಂದು ಬಿತ್ತು. ಮಕ್ಕಳು ಕುಣಿದರು.

ಕೆಳಗಿನ ಹಲ್ಲು ಬಂದಾಗ ಮೋಕ್ಷಿಯದರಲ್ಲಿ ಸುಣ್ಣದ ಚುಕ್ಕೆಯಂಥದ್ದು ಕಂಡಿತು. ಅನಸೂಯಾ ಹಾಲಿನ ಕಲೆ ಎಂದುಕೊಂಡು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಏಳು ತುಂಬುವ ಹೊತ್ತಿಗೆ ಧನುವಿನ ಮೇಲಿನ ಮುಂದಿನ ಹಲ್ಲುಗಳು ಬಂದವು, ಆಗ ತಾನೇ ತುರಿದ ಕಾಯಿಯ ಹಾಗೆ ಬೆಳ್ಳಗಿದ್ದವು. ಊರಿನ ಹೆಂಗಸರು ಬಂದು ಅವನ ಗದ್ದ ಹಿಡಿದು ನೋಡಿ ಹೋದರು. ಯಾರ ಪುಣ್ಯವೋ ಎಂದುಕೊಂಡಳು ಅನಸೂಯಾ, ನಿಜವಾಗಿಯೂ ಖುಷಿಪಟ್ಟಳು. ಹದಿನೈದು ದಿನ ಕಳೆದು ಮೋಕ್ಷಿಯದು ಬಂತು. ಮಂಕಾಗಿ, ಒರಟಾಗಿ, ನಡುವೆ ಅಡ್ಡಗೀರು. ತಿಂಗಳೊಪ್ಪತ್ತಿನಲ್ಲಿ ಗೀರು ಹಳದಿಯಾಯಿತು. ಮಾಳಿಗೆಯ ಮೇಲಿನ ಹಲಗೆಯ ಹಳದಿಯೇ ಅದು, ಅನಸೂಯಾಳಿಗೆ ಗುರುತು ಹತ್ತದೆ ಇದ್ದೀತೇ.

ಬೆಳಿಗ್ಗೆ ಕ್ಯಾನು ಬಂದ ಕೂಡಲೇ ಅವಳು ಒಂದು ಸೀಸೆ ತುಂಬಿಸಿಕೊಂಡಳು. ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯಲು ಹೋಗಿದ್ದಾಗ ಬಂದು ಅದೇ ಕ್ಯಾನಿನಿಂದ ಮತ್ತೊಂದು ಸೀಸೆ. ಅಕ್ಕನ ಕಡೆಯ ಒಲೆಯ ಹಿಂದೆ ಮುಚ್ಚಳ ಹಾಕಿಟ್ಟ ಒಂದು ಸ್ಟೀಲ್ ಡ್ರಮ್ ಇತ್ತು, ಅದರಿಂದ ಮೂರನೆಯದು. ಕಂಟ್ರೋಲ್ ರೂಮಿನಲ್ಲಿ ಮೂರನ್ನೂ ಅಳೆದಳು. ಬೆಳಗಿನ ಕ್ಯಾನು, ಸೊನ್ನೆ ಪಾಯಿಂಟ್ ಎರಡು. ಮಧ್ಯಾಹ್ನದ ಕ್ಯಾನು, ಐದು ಪಾಯಿಂಟ್ ಒಂದು. ಡ್ರಮ್ಮು, ಸೊನ್ನೆ ಪಾಯಿಂಟ್ ಎರಡು. ಮತ್ತೊಮ್ಮೆ ಅಳೆದಳು. ಅಷ್ಟೇ ಬಂತು.

ಅವಳು ಮನೆಗೆ ಬಂದಾಗ ಕದಿರಮ್ಮ ಜಗುಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಅಕ್ಕ, ಡ್ರಮ್ಮಲ್ಲಿರೋ ನೀರು ಎಲ್ಲಿಂದ ಬಂತು?"

"ಎಲ್ಲಿಂದ ಬರ್ತೈತೆ. ನಿನ್ನ ಕ್ಯಾನಿಂದ," ಎಂದಳು ಕದಿರಮ್ಮ, ಮೊರದಿಂದ ಕಣ್ಣೆತ್ತದೆ.

"ಕ್ಯಾನಲ್ಲಿರೋದು?"

"ಬೋರಿಂದು."

"ಎಷ್ಟು ದಿನದಿಂದ?"

"ಮೊದಲ್ನೇ ದಿನದಿಂದ. ನೀನು ಡ್ಯೂಟಿಗೆ ಹೋದಮ್ಯಾಕೆ ಬಗ್ಗಿಸ್ಕಂತಿದ್ದೆ."

ಅನಸೂಯಾ ಗೋಡೆಗೆ ಒರಗಿ ಕೂತಳು. "ನಿನ್ನ ಕೈಲಿ ಬಿಟ್ಟು ಹೋಗ್ತಿದ್ದೆನಲ್ಲಕ್ಕ. ಮೋಕ್ಷಿ ನಿನ್ನ ಕೂಸಲ್ವಾ?"

"ನನ್ನ ಕೂಸೇ. ದಡಾರ ಬಂದಾಗ ಹದಿಮೂರು ದಿನ ಮಡ್ಲಲ್ಲಿ ಮಲಗಿಸ್ಕಂಡೋಳು ನಾನೇ." ಕದಿರಮ್ಮ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಆದ್ರೆ ಕ್ಯಾನು ಒಂದೇ ಇತ್ತು. ಇಬ್ರಿಗೆ ಹಂಚಿದ್ರೆ ಇಬ್ರಿಗೂ ದಕ್ಕಲ್ಲ, ಒಬ್ರಿಗೇ ಪೂರ್ತಿ ಕೊಡಬೇಕು ಅಂತ ನೀನೇ ಹೇಳ್ದೆ. ಒಬ್ರು ಅಂದ್ರೆ ಯಾರು ಅಂತ ನೀನು ನಿನ್ನ ಕೂಸಿನ ಮುಖ ನೋಡ್ದೆ. ನಾನು ನನ್ನ ಕೂಸಿನ ಮುಖ ನೋಡ್ದೆ. ಗಿರಿದು ಹೋಗಿತ್ತು. ಇನ್ನೊಂದನ್ನೂ ಕಳ್ಕಳಾಕೆ ನನ್ನ ಕೈಲಿ ಆಗ್ಲಿಲ್ಲ."

ಅನಸೂಯಾ ಅಳತೊಡಗಿದಳು.

"ಅಳಬ್ಯಾಡ," ಎಂದಳು ಕದಿರಮ್ಮ. "ಬಣ್ಣ ಅಷ್ಟೇ ತಾನೆ. ಸಭೇಲಿ ನೀನೇ ಅಂದಿದ್ದು."

ಅಷ್ಟು ಹೇಳಿ ಮತ್ತೆ ಮೊರ ಆಡಿಸತೊಡಗಿದಳು. ಅನಸೂಯಾ ಕೆನ್ನೆ ಒರೆಸಿಕೊಂಡಳು. ಅಕ್ಕನಿಗೆ ನೋವಾಗಲಿ ಎಂದು ಹೇಳಿದಳೋ, ತಡೆಯಲಾರದೆ ಹೇಳಿದಳೋ, ಅವಳಿಗೂ ಗೊತ್ತಿರಲಿಲ್ಲ.

"ಡಾಕ್ಟ್ರು ಹಂಗೆ ಹೇಳಿರ್ಲಿಲ್ಲ ಕಣಕ್ಕ. ನಾನೇ ಕಟ್ಟಿ ಹೇಳ್ದೆ. ಹಂಚಿ ಕುಡಿಸಿದ್ರೂ ಇಬ್ರಿಗೂ ಆಗ್ತಿತ್ತು."

ಮೊರ ನಿಂತಿತು. ಕದಿರಮ್ಮ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಏಳು ವರ್ಷದ ಹಿಂದೆ ನೀರು ಒಡೆಯುತ್ತದೆ ಎಂದಾಗಲೂ ಹೀಗೆಯೇ ನೋಡಿದ್ದಳು.

"ಹಂಗಾರೆ ನಾವಿಬ್ರೂ ಸೇರ್ಕಂಡು ತಿಂದ್ವಿ ಮೋಕ್ಷಿ ಹಲ್ಲ," ಎಂದಳು. ಮೊರ ಅವಳ ತೊಡೆಯಿಂದ ಜಾರಿ ಹುರುಳಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಯಾರೂ ಬಾಚಲಿಲ್ಲ.

ಹೊರಗೆ ಗಿರಿ ಊರುಗೋಲನ್ನು ಗೋಡೆಗೆ ಆನಿಸಿ, ಕಂಪನಿಯ ಸಾಹೇಬರು ಮಾಳಿಗೆ ಹತ್ತುವ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಧನು ಬಿಳಿ ಹಲ್ಲು ತೋರಿಸಿಕೊಂಡು ಬಿದ್ದೂ ಬಿದ್ದೂ ನಗುತ್ತಿದ್ದ. ಮೋಕ್ಷಿಗೂ ನಗು ತಡೆಯಲಾಗಲಿಲ್ಲ. ಯಾರೂ ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು.